ಪೋಸ್ಟರಿನಲ್ಲಿ ಯಾವುದು ಚಲಿಸಬೇಕು?

ಪ್ರಶ್ನೆ (ಕೈಮಗ್ಗದ ಸೀರೆ ಅಂಗಡಿ, ಉಡುಪಿ):
ನಮಸ್ಕಾರ ಸರ್. ನಮ್ಮ ದೀಪಾವಳಿ ಪೋಸ್ಟರಿನಲ್ಲಿ ಉಡುಪಿ ಸೀರೆಯ ಚಿತ್ರ, ದರ, ಅಂಗಡಿಯ ಹೆಸರು ಮತ್ತು ದೂರವಾಣಿ ಸಂಖ್ಯೆ ಇವೆ. ವಾಟ್ಸಾಪ್ ಸ್ಟೇಟಸ್‌ಗಾಗಿ ನನ್ನ ಸೋದರಳಿಯ ಅದನ್ನೇ ಚಲಿಸುವಂತೆ ಮಾಡಿಕೊಟ್ಟಿದ್ದಾನೆ: ಸೀರೆ ತಿರುಗುತ್ತದೆ, ಹಣತೆಗಳು ಮಿನುಗುತ್ತವೆ, ಅಕ್ಷರಗಳು ಒಂದೊಂದಾಗಿ ಹಾರಿ ಬರುತ್ತವೆ. ನೋಡಿದವರೆಲ್ಲ ಮೆಚ್ಚಿದರು, ಆದರೆ ದರ ಎಷ್ಟೆಂದು ಕೇಳಿದರೆ ಒಬ್ಬರಿಗೂ ನೆನಪಿರಲಿಲ್ಲ. ಏನನ್ನು ಬದಲಾಯಿಸಬೇಕು?

ಉತ್ತರ (ಮೋಷನ್ ಗ್ರಾಫಿಕ್ಸ್ ವಿನ್ಯಾಸಕ, ಮಂಗಳೂರು):
ನಮಸ್ಕಾರ ಮೇಡಂ. ಎಲ್ಲವೂ ಏಕಕಾಲಕ್ಕೆ ಚಲಿಸುತ್ತಿರುವುದೇ ತೊಂದರೆ. ನಾವು ಅಕ್ಷರಗಳನ್ನು ಓದುವುದು ನೋಟದ ನಡುವಿನ ಸಣ್ಣದೊಂದು ಭಾಗದಿಂದ ಮಾತ್ರ. ಸುತ್ತಲಿನ ಭಾಗಕ್ಕೆ ಅಕ್ಷರ ಸ್ಪಷ್ಟವಾಗಿ ಕಾಣದಿದ್ದರೂ ಅಲುಗಾಟವನ್ನು ಅದು ತಟ್ಟನೆ ಹಿಡಿಯುತ್ತದೆ. ಆದ್ದರಿಂದ ದರದ ಪಕ್ಕದಲ್ಲಿ ಹಣತೆ ಮಿನುಗುತ್ತಿದ್ದರೆ ನೋಡುವವರ ದೃಷ್ಟಿ ಮತ್ತೆ ಮತ್ತೆ ಅತ್ತ ಹೋಗಿ ಓದು ಅರ್ಧಕ್ಕೇ ನಿಲ್ಲುತ್ತದೆ. ಯಕ್ಷಗಾನದಲ್ಲಿ ಒಂದು ವೇಷ ಕುಣಿಯುವಾಗ ಉಳಿದ ವೇಷಗಳು ಬದಿಯಲ್ಲಿ ಸುಮ್ಮನೆ ನಿಂತಿರುವಂತೆ, ಪೋಸ್ಟರಿನಲ್ಲಿಯೂ ಒಂದು ಹೊತ್ತಿಗೆ ಒಂದೇ ಚಲಿಸಬೇಕು. ಅದು ನೀವು ಮಾರುವ ವಸ್ತುವೇ ಆಗಿರಬೇಕು.

ನಿಮ್ಮ ಪೋಸ್ಟರಿನಲ್ಲಿ ಅದು ಸೆರಗು. ಮಡಿಸಿಟ್ಟ ಸೀರೆಯ ಸೆರಗು ಮೊದಲ ಎರಡು ಸೆಕೆಂಡುಗಳಲ್ಲಿ ಬಿಚ್ಚಿಕೊಂಡು ಅಂಚಿನ ಬಣ್ಣ ಕಾಣಿಸಲಿ. ಬಟ್ಟೆ ಒಂದೇ ವೇಗದಲ್ಲಿ ಬಿಚ್ಚಿಕೊಂಡರೆ ಯಂತ್ರ ಎಳೆದಂತೆ ಕಾಣುತ್ತದೆ. ಆರಂಭದಲ್ಲಿ ವೇಗವಾಗಿ ಬಂದು ಕೊನೆಯಲ್ಲಿ ನಿಧಾನವಾಗಿ ನೆಲೆಗೊಂಡರೆ ಅದಕ್ಕೆ ಹತ್ತಿಯ ತೂಕ ಬರುತ್ತದೆ. ಚಲನೆ ಸಹಜವಾಗುವುದು ಈ ವೇಗದ ಏರಿಳಿತದಿಂದಲೇ ಹೊರತು ಚಿತ್ರಗಳ ಸಂಖ್ಯೆಯಿಂದಲ್ಲ: ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ (ಫ್ರೇಮ್) ಓಡಿದರೂ, ಕೈಯಿಂದ ಬರೆದ ಅನಿಮೇಷನ್‌ಗಳಲ್ಲಿ ಪ್ರತಿ ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿ 12 ಚಿತ್ರಗಳಲ್ಲೇ ನಿಭಾಯಿಸುವುದು ಹಳೆಯ ರೂಢಿ. ಸೆರಗು ನಿಂತ ಮೇಲೆ ದರ ಮತ್ತು ಅಂಗಡಿಯ ಹೆಸರು ಮೂಡಿ, ಕದಲದೆ ಇರಲಿ. ಎಷ್ಟು ಹೊತ್ತು ಎಂದರೆ, ನೀವು ಅದನ್ನು ನಿಧಾನವಾಗಿ ಎರಡು ಸಲ ಗಟ್ಟಿಯಾಗಿ ಓದಿ ಮುಗಿಸುವಷ್ಟು. ಹಣತೆಗಳು ಉರಿಯಲಿ, ಮಿನುಗುವುದು ಬೇಡ.

ಅಕ್ಷರಗಳನ್ನು ಒಂದೊಂದಾಗಿ ಹಾರಿಸುವುದನ್ನು ಕನ್ನಡದಲ್ಲಿ ಮಾಡಲೇಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ‘ಮಗ್ಗ’ ನಮ್ಮ ಕಣ್ಣಿಗೆ ಎರಡು ಅಕ್ಷರವಾದರೂ ಯುನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಪದ್ಧತಿಯಲ್ಲಿ, ನಾಲ್ಕು ಸಂಕೇತಗಳು. ಇಂಗ್ಲಿಷಿಗಾಗಿ ರೂಪಿಸಿದ ಸಿದ್ಧ ಎಫೆಕ್ಟುಗಳು ಅದನ್ನು ಸಂಕೇತಗಳಾಗಿ ಒಡೆದರೆ ಒತ್ತಕ್ಷರ ಕಳಚಿಕೊಂಡು ಬೇರೆಲ್ಲೋ ಕುಳಿತುಕೊಳ್ಳುತ್ತದೆ. ಇಡೀ ಪದವನ್ನು, ಅಥವಾ ಇಡೀ ಸಾಲನ್ನು ಒಂದೇ ಚಿತ್ರವಾಗಿ ಪರಿವರ್ತಿಸಿ ಮೂಡಿಸಿ. ಭಾಷೆ ಒಡೆದ ಜಾಹೀರಾತು ಎಷ್ಟೇ ಅಂದವಾಗಿದ್ದರೂ ನನಗೆ ನೋವಾಗುತ್ತದೆ.

ಪ್ರಶ್ನೆ (ಅದೇ ಅಂಗಡಿ):
ಧನ್ಯವಾದ ಸರ್. ಇದನ್ನು ಜಿಫ್ ಆಗಿ ಉಳಿಸಬೇಕೋ, ವೀಡಿಯೊ ಆಗಿಯೋ?

ಉತ್ತರ:
ವೀಡಿಯೊ, ಅಂದರೆ ಎಂಪಿ4. ಜಿಫ್ ಎಂಬುದು ಚಿತ್ರಗಳನ್ನು ಉಳಿಸಲು 1987ರಲ್ಲಿ ಬಂದ ವಿಧಾನ. ಅದರ ಒಂದು ಚೌಕಟ್ಟಿನಲ್ಲಿ ಹೆಚ್ಚೆಂದರೆ 256 ಬಣ್ಣಗಳಿರುತ್ತವೆ. ಬಟ್ಟೆಯ ನೆರಿಗೆಯಲ್ಲಿ ಒಂದೇ ಬಣ್ಣದ ಹತ್ತಾರು ಛಾಯೆಗಳು ನಯವಾಗಿ ಬೆರೆತಿರುವುದರಿಂದ ಅವು ಪಟ್ಟೆಪಟ್ಟೆಯಾಗಿ ಒಡೆದು ಕಾಣಬಹುದು. ಬಣ್ಣ ನೋಡಿಯೇ ಸೀರೆ ಕೊಳ್ಳುವ ಗಿರಾಕಿಗೆ ಅದು ತಪ್ಪು ಮಾಹಿತಿ. ಅಳತೆ 1080x1920 ಪಿಕ್ಸೆಲ್ ಇರಲಿ. ಅನೇಕರು ಶಬ್ದ ಮುಚ್ಚಿಯೇ ನೋಡುವುದರಿಂದ ದರವನ್ನು ಧ್ವನಿಯಲ್ಲಿ ಮಾತ್ರ ಹೇಳಬೇಡಿ.

ಪ್ರಶ್ನೆ (ಬೇಕರಿ, ಮಂಗಳೂರು):
ನಾವು ಹಂಪನಕಟ್ಟೆಯ ಕಡೆ ರಸ್ತೆಗೆ ಮುಖಮಾಡಿ ಎಲ್‌ಇಡಿ ಫಲಕ ಹಾಕುವವರಿದ್ದೇವೆ. ಅಲ್ಲಿಯೂ ಇದೇ ಕ್ರಮವೇ? ಕೆಂಪು, ಬಿಳಿ ಬಣ್ಣಗಳನ್ನು ಹೊತ್ತಿಸಿ ಆರಿಸಿದರೆ ದೂರದಿಂದಲೇ ಗಮನಕ್ಕೆ ಬರುತ್ತದೆ ಎಂದು ಫಲಕ ಮಾಡುವವರು ಹೇಳುತ್ತಾರೆ.

ಉತ್ತರ:
ಗಮನಕ್ಕೆ ಬರುತ್ತದೆ, ಆದರೆ ದಯವಿಟ್ಟು ಬೇಡ ಸರ್. ವೇಗವಾಗಿ ಮಿನುಗುವ ಬೆಳಕು, ಅದರಲ್ಲೂ ಗಾಢ ಕೆಂಪು, ಬೆಳಕಿಗೆ ಸೂಕ್ಷ್ಮವಾಗಿರುವ ಅಪಸ್ಮಾರ ರೋಗಿಗಳಲ್ಲಿ ಸೆಳವು ತರಬಲ್ಲದು. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಯಾವುದೂ ಮಿನುಗಬಾರದು ಎಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಇನ್ನು ರಸ್ತೆಯಲ್ಲಿ ನಿಮ್ಮ ಫಲಕವನ್ನು ನೋಡುವವರು ವಾಹನ ಓಡಿಸುತ್ತಿರುತ್ತಾರೆ, ಅವರ ದೃಷ್ಟಿಯನ್ನು ಹಿಡಿದಿಡುವುದೇ ಅಪಾಯ. ಆದ್ದರಿಂದ ಅಲ್ಲಿ ಒಂದು ತಿನಿಸಿನ ದೊಡ್ಡ ಚಿತ್ರ, ನಾಲ್ಕೈದು ಪದ, ಚಲನೆಯೇ ಇಲ್ಲದ ವಿನ್ಯಾಸ ಸಾಕು. ರಾತ್ರಿ ಹೊಳಪನ್ನೂ ತಗ್ಗಿಸಿ. ಬನ್ನಿನ ಮೇಲೆ ಬೆಣ್ಣೆ ಕರಗುವ ಚಲನೆಯನ್ನು ಅಂಗಡಿಯೊಳಗೆ, ಕೌಂಟರಿನ ಹಿಂದಿನ ಪರದೆಯಲ್ಲಿ ತೋರಿಸಿ. ಅಲ್ಲಿ ಸರದಿಯಲ್ಲಿ ನಿಂತವರಿಗೆ ನೋಡಲು ಸಮಯವಿರುತ್ತದೆ.