ಮೊದಲ ಸಲ ವಿಯೆಟ್ನಾಂಗೆ, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು: ಹೋಗಿ ಬಂದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗೆಳತಿ ನವೆಂಬರ್‌ನಲ್ಲಿ ಮೂರು ವಾರ ವಿಯೆಟ್ನಾಂಗೆ ಹೋಗಬೇಕು ಅಂತ ಇದ್ದೇವೆ. ಹನೋಯ್‌ನಲ್ಲಿ ಇಳಿದು, ಬಸ್ಸು, ರೈಲು ಹಿಡಿದು ದಕ್ಷಿಣಕ್ಕೆ ಬಂದು, ಹೋ ಚಿ ಮಿನ್ ನಗರದಿಂದ ವಾಪಸ್. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರವಾಸ. ನಾನು ಸಸ್ಯಾಹಾರಿ, ಅವಳು ಮೊಟ್ಟೆ ತಿನ್ನುತ್ತಾಳೆ. ಪ್ಯಾಕೇಜ್ ಟೂರ್ ಬೇಡ, ಹಾಸ್ಟೆಲ್‌ಗಳಲ್ಲಿ ಉಳಿಯುತ್ತೇವೆ. ವೀಸಾ, ದುಡ್ಡು, ಊಟ, ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗುತ್ತಿಲ್ಲ. ಎಷ್ಟು ಲೀಟರ್ ಬ್ಯಾಗ್ ತೊಗೋಬೇಕು? ಮನೆಯಲ್ಲಿ ಅಮ್ಮನಿಗೂ ಸ್ವಲ್ಪ ಭಯ.

ಉತ್ತರ, ಮೈಸೂರಿನಿಂದ

ಬ್ಯಾಗ್ ಕೊನೆಗೆ ನೋಡೋಣ. ಮೊದಲು ದಿನಾಂಕ ಮತ್ತು ದಾರಿ ಗಟ್ಟಿ ಮಾಡಿಕೊಳ್ಳಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ವಿಯೆಟ್ನಾಂ ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್ ಉದ್ದ ಇದೆ. ಒಂದೇ ದಿನ ಮೂರು ಕಡೆ ಮೂರು ಥರದ ಹವೆ. ನವೆಂಬರ್‌ನಲ್ಲಿ ಉತ್ತರ ಬಹಳ ಚೆನ್ನಾಗಿರುತ್ತದೆ, ಒಣ ಹವೆ, ಹಿತವಾದ ಚಳಿ. ದಕ್ಷಿಣದಲ್ಲೂ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ. ತೊಂದರೆ ಇರೋದು ನಡುವೆ. ಹುಯೆ, ದಾ ನಾಂಗ್, ಹೋಯ್ ಆನ್ ಈ ಮೂರೂ ಊರುಗಳಿಗೆ ಅಕ್ಟೋಬರ್, ನವೆಂಬರ್ ಅಂದರೆ ಜೋರು ಮಳೆ. ಚೆನ್ನೈಗೆ ಮಳೆ ತರುವ ಈಶಾನ್ಯ ಮಾರುತದ ಕಾಲವೇ ಅವರಿಗೂ ಮಳೆಗಾಲ. ಜೊತೆಗೆ ಚಂಡಮಾರುತಗಳೂ ಬರುತ್ತವೆ. ಹೋಯ್ ಆನ್ ಹಳೇ ಪೇಟೆ ತು ಬೊನ್ ನದಿ ದಂಡೆಯ ಮೇಲೇ ಇದೆ. ನೀರು ಏರಿದರೆ ಬೀದಿಯಲ್ಲಿ ದೋಣಿ ಓಡುತ್ತದೆ. ನೀವು ಫೋಟೋದಲ್ಲಿ ನೋಡಿರುವ ಲಾಟೀನಿನ ಸಾಲು ಆಗ ಕಾಣಸಿಗುವುದು ಕಷ್ಟ.

ಹಾಗಾಗಿ ನನ್ನ ಸಲಹೆ ಇಷ್ಟು. ರಜೆ ಬದಲಾಯಿಸಲು ಆಗುವುದಾದರೆ ಮಾರ್ಚ್‌ಗೆ ಹೋಗಿ, ಇಡೀ ದೇಶ ರೈಲಿನಲ್ಲೇ ನೋಡಬಹುದು. ಹುಯೆಯಿಂದ ದಾ ನಾಂಗ್‌ಗೆ ಹಾಯ್ ವಾನ್ ಘಾಟ್ ಸುತ್ತಿಕೊಂಡು ಬರುವ ರೈಲಿದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಕೆಳಗೆ ಸಮುದ್ರ. ಅದನ್ನು ಬಿಸಿಲಿನಲ್ಲೇ ನೋಡಬೇಕು. ನವೆಂಬರೇ ಆಗಬೇಕು ಅಂದರೆ ನಡುವಿನ ಭಾಗ ಬಿಟ್ಟುಬಿಡಿ. ಎರಡು ವಾರ ಉತ್ತರದಲ್ಲಿ ನಿಧಾನವಾಗಿ ಸುತ್ತಿ, ಹನೋಯ್‌ನಿಂದ ವಿಮಾನ ಹಿಡಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಹೋ ಚಿ ಮಿನ್ ನಗರ. ಅಲ್ಲಿಂದ ಕಾನ್ ತೋ, ಮೆಕಾಂಗ್ ನದಿಯ ಬಯಲು. ಮೂರು ವಾರಕ್ಕೆ ಇದು ಧಾರಾಳ. ಜನವರಿ ಕೊನೆಯಿಂದ ಫೆಬ್ರುವರಿ ನಡುವೆ ಬರುವ ಅವರ ಹೊಸ ವರ್ಷ, ತೆತ್, ಆ ಸಮಯ ಮಾತ್ರ ಬೇಡ. ಅಂಗಡಿಗಳು ಮುಚ್ಚಿರುತ್ತವೆ, ರೈಲು, ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ.

ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ. 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಿದ್ದಾರೆ. ಒಂದೇ ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರದ ವೆಬ್‌ಸೈಟ್ ಥರವೇ ಕಾಣುವ ಏಜೆಂಟರ ಸೈಟುಗಳು ಬಹಳ ಇವೆ. ಅಲ್ಲಿ ಕಟ್ಟಿದರೆ ದುಡ್ಡು ಜಾಸ್ತಿ ಹೋಗುತ್ತದೆ. ವಿಳಾಸದ ಕೊನೆಯಲ್ಲಿ .gov.vn ಅನ್ನೋ ಸರ್ಕಾರಿ ಗುರುತು ಇದೆಯಾ ನೋಡಿ. ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ.

ಇಲ್ಲಿ ನಮ್ಮ ಕಡೆಯವರು ಗಮನ ಕೊಡಬೇಕಾದದ್ದು ಹೆಸರಿಗೆ. ನಮ್ಮ ಪಾಸ್‌ಪೋರ್ಟ್‌ನಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಇನ್ನು ಕೆಲವರಿಗೆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಸೇರಿರುತ್ತದೆ. ಆಧಾರ್‌ನಲ್ಲಿ, ಕಾಲೇಜಿನ ಅಂಕಪಟ್ಟಿಯಲ್ಲಿ ಹೇಗಿದೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟ್‌ನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇದೆಯಲ್ವಾ, ಅಲ್ಲಿರುವ ಹಾಗೇ ವೀಸಾ ಅರ್ಜಿಯಲ್ಲೂ, ವಿಮಾನದ ಟಿಕೆಟ್‌ನಲ್ಲೂ ಬರಬೇಕು. ವೀಸಾ ಕೈಗೆ ಬಂದ ಮೇಲೆ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಬೆರಳಿಟ್ಟು ನೋಡಿ. ಒಬ್ಬರು ಓದಿ, ಇನ್ನೊಬ್ಬರು ತಾಳೆ ನೋಡಿದರೆ ಇನ್ನೂ ಒಳ್ಳೆಯದು. ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ ಅಂತಲೂ ಅರ್ಜಿಯಲ್ಲಿ ಕೇಳುತ್ತಾರೆ, ಅದಕ್ಕೇ ದಿನಾಂಕ, ದಾರಿ ಮೊದಲು ಗಟ್ಟಿ ಮಾಡಿಕೊಳ್ಳಿ ಅಂದೆ. ಕಾಗದದಲ್ಲಿ ಎರಡು ಪ್ರಿಂಟ್ ಇರಲಿ.

ದುಡ್ಡು. ಯುಪಿಐ ನೆಚ್ಚಿಕೊಂಡು ಹೋಗಬೇಡಿ. ನಮ್ಮ ರೂಪಾಯಿಯನ್ನು ಅಲ್ಲಿ ಬದಲಾಯಿಸುವುದೂ ಸುಲಭ ಅಲ್ಲ. ಸ್ವಲ್ಪ ಡಾಲರ್, ಮುಂಚೆಯೇ ವಿದೇಶಿ ಹಣ ತುಂಬಿಸಿಕೊಳ್ಳುವ ಒಂದು ಫಾರೆಕ್ಸ್ ಕಾರ್ಡ್, ಇನ್ನೊಂದು ಡೆಬಿಟ್ ಕಾರ್ಡ್ ಬೇರೆ ಬೇರೆ ಜಾಗದಲ್ಲಿ ಇಟ್ಟುಕೊಳ್ಳಿ. ಡಾಲರ್ ನೋಟು ಮಡಿಕೆ, ಪೆನ್ನಿನ ಗೀಟು ಇಲ್ಲದೆ ಗರಿಗರಿಯಾಗಿರಲಿ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿಗೆ ವಿದೇಶಿ ಬಳಕೆಯನ್ನು ಆನ್ ಮಾಡಿ. ಇಲ್ಲಿನ ಸಿಮ್‌ಗೆ ರೋಮಿಂಗ್ ಕೂಡ ಇರಲಿ, ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ.

ಒಂದು ರೂಪಾಯಿಗೆ ಸುಮಾರು 300 ಡಾಂಗ್. ಸೊನ್ನೆಗಳನ್ನು ನೋಡಿ ತಲೆ ತಿರುಗುತ್ತದೆ. 20,000ದ ನೋಟೂ ನೀಲಿ, 5,00,000ದ್ದೂ ನೀಲಿ. ಎರಡರ ಮೇಲೂ ಹೋ ಚಿ ಮಿನ್ ಚಿತ್ರ. ಒಂದು ನಮ್ಮ 65 ರೂಪಾಯಿ ಆಸುಪಾಸು, ಇನ್ನೊಂದು 1,600ಕ್ಕೂ ಜಾಸ್ತಿ. ರಾತ್ರಿ ಬೀದಿದೀಪದ ಕೆಳಗೆ ಎರಡೂ ಒಂದೇ ಥರ ಕಾಣುತ್ತವೆ. ದೊಡ್ಡ ನೋಟುಗಳಿಗೆ ಪರ್ಸ್‌ನಲ್ಲಿ ಬೇರೆ ಖಾನೆ ಮಾಡಿಬಿಡಿ.

ಈಗ ಬ್ಯಾಗ್. 40 ಲೀಟರ್ ಸಾಕು, ಅದಕ್ಕಿಂತ ದೊಡ್ಡದು ಬೇಡವೇ ಬೇಡ. ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ ಇರುತ್ತದೆ, ತೂಕ ಹಾಕಿಯೇ ಬಿಡುತ್ತಾರೆ. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆರೇಳು ಕಿಲೋ ತುಂಬಿಸಿ ಕೊಡಿ ಅಂತ ಕೇಳಿ. ಸೊಂಟದ ಪಟ್ಟಿ ಹೊಕ್ಕುಳ ಮೇಲೆ ಅಲ್ಲ, ಸೊಂಟದ ಮೂಳೆ ಮೇಲೆ ಕೂರಬೇಕು. ಭುಜದ ಪಟ್ಟಿ ಸ್ವಲ್ಪ ಸಡಿಲ ಮಾಡಿದಾಗ ಭಾರ ಸೊಂಟಕ್ಕೆ ಇಳಿದರೆ ಆ ಬ್ಯಾಗ್ ನಿಮಗೆ ಸರಿ. ಸೂಟ್‌ಕೇಸ್ ಥರ ಪೂರ್ತಿ ತೆರೆಯುವ ಜಿಪ್ ಇರಲಿ. ಮಳೆಗೆ ಹೊರಗಿನ ಕವರ್ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಬಟ್ಟೆ ತುಂಬಿ. ಮೂರು ಜೊತೆ ಬಟ್ಟೆ, ಒಂದು ಫ್ಲೀಸ್, ಒಂದು ವಿಂಡ್‌ಚೀಟರ್ ಸಾಕು. ಕಿಲೋ ಲೆಕ್ಕದಲ್ಲಿ ಬಟ್ಟೆ ಒಗೆದುಕೊಡುವ ಅಂಗಡಿ ಎಲ್ಲ ಕಡೆ ಇದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ನಮ್ಮ ಎರಡು ಪಿನ್‌ನ ಚಾರ್ಜರ್ ಅಲ್ಲಿ ನಡೆಯುತ್ತದೆ, ಮೂರು ಪಿನ್‌ನದ್ದಕ್ಕೆ ಅಡಾಪ್ಟರ್ ಬೇಕು.

ಹೊರಡುವ ಮುಂಚೆ ತುಂಬಿದ ಬ್ಯಾಗ್ ಹಾಕಿಕೊಂಡು, ಹೋಗುವಾಗ ಹಾಕುವ ಅದೇ ಶೂನಲ್ಲಿ ಒಂದು ಬೆಟ್ಟ ಹತ್ತಿ. ನಮ್ಮಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಏನು ಬೇಡ ಅಂತ ಅರ್ಧ ಬೆಟ್ಟಕ್ಕೇ ಗೊತ್ತಾಗುತ್ತದೆ.

ಶಿರಸಿಯಿಂದ, ಊಟದ ಬಗ್ಗೆ

ನಾನೂ ಸಸ್ಯಾಹಾರಿ. ಹಸಿದುಕೊಂಡು ಇರಬೇಕಾಗಿಲ್ಲ, ಆದರೆ ಕೇಳುವ ರೀತಿ ಗೊತ್ತಿರಬೇಕು. 'ಮಾಂಸ ಬೇಡ' ಅಂದರೆ ಮಾಂಸದ ತುಂಡು ತೆಗೆದು ಅದೇ ಸಾರು ಬಡಿಸುತ್ತಾರೆ. ಆ ಸಾರು ಮೂಳೆ ಬೇಯಿಸಿ ಮಾಡಿದ್ದು. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. 'ಚಾಯ್' (Chay, ನಮ್ಮ ಚಹಾ ಅಲ್ಲ) ಅಂತ ಬೋರ್ಡ್ ಇರುವ ಹೋಟೆಲ್ ಹುಡುಕಿ. ಬೌದ್ಧರ ಸಸ್ಯಾಹಾರದ ಹೋಟೆಲ್‌ಗಳು ಅವು. ಅಮಾವಾಸ್ಯೆ, ಹುಣ್ಣಿಮೆ ಬಂತು ಅಂದರೆ ಅಲ್ಲಿ ಎಷ್ಟೋ ಮನೆಯವರು ಮಾಂಸ ಬಿಡುತ್ತಾರೆ, ಆವತ್ತು ಇಂಥ ಊಟ ಸುಲಭವಾಗಿ ಸಿಗುತ್ತದೆ. ತೋಫು, ಅಣಬೆ, ಸೊಪ್ಪು, ಅನ್ನ, ನನಗಂತೂ ಬಹಳ ಹಿಡಿಸಿತು. 'ಮಾಂಸ, ಮೀನಿನ ಸಾಸ್, ಮೂಳೆ ಸಾರು ಯಾವುದೂ ಬೇಡ' ಅಂತ ಅವರ ಭಾಷೆಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಗೆಳತಿಗೆ ಮೊಟ್ಟೆ ಹಾಕಿದ ಬಾನ್ ಮೀ ಬ್ರೆಡ್ ಎಲ್ಲ ಕಡೆ ಸಿಗುತ್ತದೆ. ಬಸ್ ಪ್ರಯಾಣದ ದಿನಕ್ಕೆ ಗೊಜ್ಜವಲಕ್ಕಿ ಪೊಟ್ಟಣ, ಚಟ್ನಿಪುಡಿ ಇರಲಿ. ಉಪ್ಪಿನಕಾಯಿ ಮಾತ್ರ ಬೇಡ, ಎಣ್ಣೆ ಸೋರಿದರೆ ಇಡೀ ಬ್ಯಾಗ್ ಹಾಳು.

ತುಮಕೂರಿನಿಂದ, ಒಬ್ಬ ತಾಯಿ

ನನ್ನ ಮಗಳೂ ಹೀಗೇ ಗೆಳತಿ ಜೊತೆ ಹೋಗಿ ಬಂದಳು. ನಿಮ್ಮ ಅಮ್ಮನ ಭಯ ನನಗೆ ಅರ್ಥ ಆಗುತ್ತದೆ ಮಗಳೇ. ಹುಷಾರು ಹುಷಾರು ಅಂತ ಹೇಳುವುದಕ್ಕಿಂತ ಇವು ಜಾಸ್ತಿ ನೆಮ್ಮದಿ ಕೊಟ್ಟವು: ಪ್ರತಿ ಊರಿನ ಹಾಸ್ಟೆಲ್ ಹೆಸರು, ಫೋನ್ ನಂಬರ್ ಬರೆದ ಒಂದು ಹಾಳೆ ಮನೆಯಲ್ಲಿ. ಅದರ ಜೊತೆ ಪಾಸ್‌ಪೋರ್ಟ್, ವೀಸಾ, ವಿಮೆಯ ಪ್ರತಿ, ಹನೋಯ್‌ನ ನಮ್ಮ ರಾಯಭಾರ ಕಚೇರಿಯ ನಂಬರ್. ರಾತ್ರಿ ಒಂದು ಗೊತ್ತಾದ ಹೊತ್ತಿಗೆ ಒಂದು ಮೆಸೇಜ್. ಅಲ್ಲಿ ನಮಗಿಂತ ಒಂದೂವರೆ ಗಂಟೆ ಮುಂದೆ ಅಷ್ಟೇ, ಕಷ್ಟ ಆಗಲ್ಲ. ಬೆಟ್ಟದ ಕಡೆ ಹೋಗುವಾಗ ಸಿಗ್ನಲ್ ಇರಲ್ಲ ಅಂತ ಮುಂಚೆಯೇ ಹೇಳಿಬಿಡಿ. ದಿನಾ ತೊಗೊಳ್ಳುವ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಜೊತೆಗಿರಲಿ.

ಹುಬ್ಬಳ್ಳಿಯಿಂದ, ಬೈಕ್ ಬಗ್ಗೆ

ನವೆಂಬರ್‌ನಲ್ಲಿ ಉತ್ತರಕ್ಕೆ ಹೋಗುವವರು ಹಾ ಜಾಂಗ್ ಬಿಡಬಾರದು. ಹನೋಯ್‌ನಿಂದ ಸುಮಾರು 300 ಕಿಲೋಮೀಟರ್, ಬಸ್ಸಿನಲ್ಲಿ ಆರೇಳು ಗಂಟೆ. ಸುಣ್ಣಕಲ್ಲಿನ ಬೆಟ್ಟ, ಮಾ ಪಿ ಲೆಂಗ್ ಘಾಟ್, ಆ ತಿಂಗಳಲ್ಲಿ ಗುಲಾಬಿ ಬಣ್ಣದ ಬಕ್‌ವೀಟ್ ಹೂವಿನ ಹೊಲಗಳು.

ಆದರೆ ಬೈಕ್ ನೀವೇ ಓಡಿಸಬೇಡಿ. ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರ್ಮಿಟ್ ರಸ್ತೆ ಸಂಚಾರದ ಬಗ್ಗೆ ದೇಶಗಳು ಮಾಡಿಕೊಂಡ 1949ರ ಒಪ್ಪಂದದ ಪ್ರಕಾರದ್ದು. ವಿಯೆಟ್ನಾಂ ಇರುವುದು 1968ರ ಒಪ್ಪಂದದಲ್ಲಿ. ಹಾಗಾಗಿ ನಮ್ಮದು ಅಲ್ಲಿ ನಡೆಯುವುದಿಲ್ಲ. ಬಾಡಿಗೆಗೆ ಕೊಡುವವರು ಏನೂ ಕೇಳದೆ ಕೀ ಕೊಡುತ್ತಾರೆ, ಅದನ್ನು ನಂಬಬೇಡಿ. ಅಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಬಿದ್ದು ಕಾಲು ಮುರಿದರೆ ವಿಮೆಯವರು ದುಡ್ಡು ಕೊಡುವುದಿಲ್ಲ. 'ಈಸಿ ರೈಡರ್' ಅಂತ ಇದ್ದಾರೆ, ಊರಿನ ಹುಡುಗರೇ ಓಡಿಸುತ್ತಾರೆ, ನೀವು ಹಿಂದೆ ಕೂರೋದು. ನಾಲ್ಕೂ ಕಡೆ ನೋಡಿಕೊಂಡು ಹೋಗಬಹುದು. ವಿಮೆ ಮಾಡಿಸುವಾಗ ಬೈಕಿನ ಹಿಂದಿನ ಸವಾರಿಗೂ ಅನ್ವಯಿಸುತ್ತದಾ ಅಂತ ಬರಹದಲ್ಲೇ ಕೇಳಿಕೊಳ್ಳಿ. ಅಡಮಾನಕ್ಕೆ ಪಾಸ್‌ಪೋರ್ಟ್ ಯಾರೇ ಕೇಳಿದರೂ ಕೊಡಬೇಡಿ, ನಗದು ಕೊಡುತ್ತೇವೆ ಅನ್ನಿ.

ರಾತ್ರಿ ಸ್ಲೀಪರ್ ಬಸ್ ಹತ್ತುವಾಗ ಬಾಗಿಲಲ್ಲೇ ಶೂ ಬಿಚ್ಚಿಸಿ ಚೀಲಕ್ಕೆ ಹಾಕಿಸುತ್ತಾರೆ. ಸುಮ್ನೆ ಲೇಸ್ ಕಟ್ಟಿಕೊಂಡು ಒದ್ದಾಡುವ ಬದಲು ಆವತ್ತು ಚಪ್ಪಲಿ ಹಾಕಿ. ದಿನಾಂಕ ಪಕ್ಕಾ ಆದ ಮೇಲೆ ಹಾ ಜಾಂಗ್‌ಗೆ ಎಷ್ಟು ದಿನ ಇಟ್ಟಿದ್ದೀರಿ ಅಂತ ಬರೆಯಿರಿ, ಯಾವ ಹಳ್ಳಿಯಲ್ಲಿ ಉಳಿದರೆ ಚೆಂದ ಅಂತ ಹೇಳುತ್ತೇನೆ.