ಮದುವೆ ಛತ್ರ ಈಗ ಜಿಮ್ ಆಗಿದೆ. 11,999ಕ್ಕೆ ಹದಿನೈದು ತಿಂಗಳು ಅಂತೆ, ಸೇರಲಾ?

ಲೆಕ್ಕದಮ್ಮ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ನನಗೆ 43. ರಾಜಾಜಿನಗರದ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಬಸವೇಶ್ವರನಗರ, ಹಾವನೂರು ಸರ್ಕಲ್‌ನಿಂದ ಒಳಗೆ. ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ, ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ, 6.1 ಬಂತು. "6.5 ಆದರೆ ಶುಗರ್ ಅಂತಲೇ ಬರೀತೀನಿ. ಈಗ ಹೊಸ್ತಿಲ ಮೇಲಿದ್ದೀರಿ, ಒಳಗೆ ಬರಬೇಡಿ" ಎಂದರು ಡಾಕ್ಟರ್. ವಾಕಿಂಗ್ ಮಾಡ್ತೀನಿ ಸರ್ ಅಂದರೆ, ಬರೀ ವಾಕಿಂಗ್ ಸಾಲದು, ವಾರಕ್ಕೆ ಎರಡು ದಿನವಾದರೂ ಭಾರ ಎತ್ತಿ ಎಂದರು. ಊಟದಿಂದ ಬಂದ ಸಕ್ಕರೆಯಲ್ಲಿ ಜಾಸ್ತಿ ಪಾಲು ಹೋಗಿ ಸೇರುವುದು ಸ್ನಾಯುವಿಗಂತೆ. ನನ್ನಲ್ಲಿ ಅದೇ ಕಮ್ಮಿ.

ಈಗ ವಿಷಯಕ್ಕೆ. ನಮ್ಮ ಮನೆಯಿಂದ ಏಳೆಂಟು ನಿಮಿಷ ನಡೆದರೆ ಒಂದು ಮದುವೆ ಛತ್ರ ಇತ್ತು. ನಮ್ಮ ಚಿಕ್ಕಪ್ಪನ ಮಗಳ ಮದುವೆ ಅಲ್ಲೇ ಆಗಿದ್ದು, ನಾನು ಅಲ್ಲಿ ಕೂತು ಚಿರೋಟಿ ತಿಂದಿದ್ದೇನೆ. ಈಗ ಕೆಳಗಿನ ಊಟದ ಹಾಲ್ ಸೋಫಾ ಅಂಗಡಿ, ಮೇಲಿನ ಹಾಲ್ ಜಿಮ್. ಊರ ತುಂಬ ಬ್ರಾಂಚ್ ಇರುವ, ಕಡಿಮೆ ರೇಟಿನ ಕಂಪನಿ ಅದು. ಹೆಸರು ಬೇಡ. ಶನಿವಾರ ಹೋಗಿ ನೋಡಿದೆ. ಮಂಟಪ ಹಾಕುತ್ತಿದ್ದ ವೇದಿಕೆಯನ್ನು ಒಡೆದಿಲ್ಲ, ಅದರ ಮೇಲೆ ಡಂಬೆಲ್ ಸ್ಟ್ಯಾಂಡ್ ಇಟ್ಟಿದ್ದಾರೆ. ಮೇಲೆ ಹೂವಿನ ಸರ ಕಟ್ಟುತ್ತಿದ್ದ ಕೊಕ್ಕೆಗಳೂ ಹಾಗೇ ಇವೆ. ವಧೂವರರು ಕೂರುತ್ತಿದ್ದ ಜಾಗದಲ್ಲಿ ಒಬ್ಬ ಹುಡುಗ ಹಲ್ಲು ಕಚ್ಚಿಕೊಂಡು ಹದಿನೈದು ಕೆಜಿ ಎತ್ತುತ್ತಿದ್ದ.

ಕೌಂಟರ್‌ನ ಹುಡುಗ ಚಪ್ಪಲಿ ಬಿಚ್ಚಿಸಿ ಒಂದು ಮಷೀನ್ ಮೇಲೆ ನಿಲ್ಲಿಸಿದ. ಚೀಟಿ ಬಂತು. ನನ್ನ ದೇಹದ ವಯಸ್ಸು 54 ಅಂತೆ! ನಮ್ಮತ್ತೆಗೆ 68, ಅವರನ್ನು ನಿಲ್ಲಿಸಿದ್ದರೆ ಏನು ಬರುತ್ತಿತ್ತೋ. ನಾನು ಆ ಚೀಟಿ ನೋಡುತ್ತಾ ಪೆಚ್ಚಾಗಿ ನಿಂತಿರುವಾಗಲೇ ರೇಟ್ ಹೇಳಿದ. ವರ್ಷಕ್ಕೆ 11,999, ಮೂರು ತಿಂಗಳು ಫ್ರೀ. ಟ್ಯಾಕ್ಸ್ ಸೇರಿ 14,159. ಇಎಂಐ ಇದೆ, ಬಡ್ಡಿ ಇಲ್ಲ. ತಿಂಗಳ ಲೆಕ್ಕದಲ್ಲಿ ಬೇಕಾದರೆ 2,200 ಮತ್ತು ಟ್ಯಾಕ್ಸ್. "ಹೊಸ ವರ್ಷದ ಆಫರ್ ಮೇಡಂ, 31ಕ್ಕೆ ಕ್ಲೋಸ್."

ನಮ್ಮ ರಸ್ತೆಯಲ್ಲೇ ಒಂದು ಹಳೇ ಜಿಮ್ ಕೂಡ ಇದೆ. ತಿಂಗಳಿಗೆ 900. ಆಂಜನೇಯನ ಫೋಟೋ, ಊದಿನಕಡ್ಡಿ, ಎಲ್ಲರೂ "ಮಾಸ್ಟರ್" ಅನ್ನುವ ಮಾಲೀಕರು. ಒಳ್ಳೆಯವರು. ಆದರೆ ಹೆಂಗಸರ ಟೈಮ್ ಹನ್ನೊಂದರಿಂದ ನಾಲ್ಕು. ಆಗ ನಾನು ಆಫೀಸಿನಲ್ಲಿರುತ್ತೇನೆ.

ನನ್ನ ಚರಿತ್ರೆಯನ್ನೂ ಹೇಳಿಬಿಡುತ್ತೇನೆ. 2018ರಲ್ಲಿ ಏರೋಬಿಕ್ಸ್‌ಗೆ ಆರು ತಿಂಗಳು ಕಟ್ಟಿ ಒಂಬತ್ತು ದಿನ ಹೋದೆ. ಲಾಕ್‌ಡೌನ್‌ನಲ್ಲಿ ಎರಡು ಕೆಜಿಯ ಎರಡು ಡಂಬೆಲ್ ತರಿಸಿದೆ. ಒಂದು ಬಾಲ್ಕನಿ ಬಾಗಿಲು ಬಡಿಯದಂತೆ ಅಡ್ಡ ಇದೆ, ಇನ್ನೊಂದು ಉಪ್ಪಿನಕಾಯಿ ಜಾಡಿ ಮೇಲೆ.

ಇಂಥವಳು ಹದಿನೈದು ತಿಂಗಳಿಗೆ ಕಟ್ಟಬಹುದಾ? ಅನುಭವ ಇರುವವರು ಹೇಳಿ.

ಹಳೇ ಕೌಂಟರ್

ಮೇಡಂ, ಇಂಥದ್ದೇ ಇನ್ನೊಂದು ಕಂಪನಿಯಲ್ಲಿ ಎರಡು ವರ್ಷ ಆ ಕೌಂಟರ್ ಹಿಂದೆ ನಾನೇ ನಿಂತಿದ್ದೆ. ಒಳಗಿನ ಮಾತು ಸ್ವಲ್ಪ ಹೇಳ್ತೀನಿ.

ಆಫರ್ 31ಕ್ಕೆ ಕ್ಲೋಸ್ ಅಲ್ಲ, 31ಕ್ಕೆ ನಮ್ಮ ತಿಂಗಳ ಟಾರ್ಗೆಟ್ ಕ್ಲೋಸ್. ಒಂದನೇ ತಾರೀಖು ಅದೇ ಆಫರ್ ಸಂಕ್ರಾಂತಿ ಹೆಸರಲ್ಲಿ ಬರುತ್ತೆ, ಆಮೇಲೆ ಯುಗಾದಿ ಹೆಸರಲ್ಲಿ. ಅವಸರ ಮಾಡಬೇಡಿ. ಆ 54ರ ಚೀಟಿ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಡಿ. ಕಾಲಿನಿಂದ ಸಣ್ಣ ಕರೆಂಟ್ ಹಾಯಿಸಿ ಅಂದಾಜು ಮಾಡುವ ಮಷೀನ್ ಅದು. ನೀರು ಕುಡಿದು ನಿಂತರೆ ಒಂದು ತೋರಿಸುತ್ತೆ, ಕುಡಿಯದೆ ನಿಂತರೆ ಇನ್ನೊಂದು. ಚೀಟಿ ಕೊಟ್ಟ ಮೇಲೆಯೇ ರೇಟ್ ಹೇಳಬೇಕು ಅಂತ ನಮಗೆ ಟ್ರೈನಿಂಗ್‌ನಲ್ಲೇ ಹೇಳಿಕೊಡ್ತಿದ್ರು.

ಕಡಿಮೆ ರೇಟು ಹೇಗೆ ಸಾಧ್ಯ ಅಂದರೆ, ಕಟ್ಟಿದವರೆಲ್ಲ ಬರಲ್ಲ. ಅಷ್ಟೇ ಗುಟ್ಟು. ಎಲ್ಲರೂ ಒಂದೇ ದಿನ ಬಂದರೆ ನಿಲ್ಲೋಕೂ ಜಾಗ ಇರಲ್ಲ. ಜನವರಿಯಲ್ಲಿ ಟ್ರೆಡ್‌ಮಿಲ್‌ಗೆ ಕ್ಯೂ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುವ ಹೊತ್ತಿಗೆ ಜನವೂ ಹೋಗಿರ್ತಾರೆ. ಬರದೇ ಇರುವವರ ದುಡ್ಡಲ್ಲೇ ಬರುವವರಿಗೆ ಎಸಿ ಓಡೋದು. ಹಾಗಾಗಿ ನೀವು ದಿನಾ ಹೋಗುವವರಾದರೆ ನಿಮಗೆ ಲಾಭ, ಒಂಬತ್ತು ದಿನ ಹೋಗುವವರಾದರೆ ಅವರಿಗೆ ಲಾಭ.

ಒಂದು ಕೆಲಸ ಮಾಡಿ. ನೀವು ಯಾವ ಹೊತ್ತಿಗೆ ಹೋಗ್ತೀರೋ ಅದೇ ಹೊತ್ತಿಗೆ, ವಾರದ ಮಧ್ಯೆ, ಒಂದು ದಿನದ ಟ್ರಯಲ್ ಕೇಳಿ. ಶನಿವಾರ ಮಧ್ಯಾಹ್ನ ಎಲ್ಲಾ ಜಿಮ್ಮೂ ಚೆನ್ನಾಗೇ ಕಾಣುತ್ತೆ.

ಜಿಎಸ್‌ಟಿ ಗುಂಡಣ್ಣ

ಅಕ್ಕಾ, 14,159 ಅಂದ್ರಾ? ಅದು ಶೇ 18ರ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಜಿಮ್, ಸಲೂನ್, ಯೋಗ ಸೆಂಟರ್‌ಗಳಿಗೆ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. 11,999ಕ್ಕೆ 5 ಸೇರಿಸಿದರೆ 12,599. ಆ ಹುಡುಗ 1,560 ಜಾಸ್ತಿ ಹೇಳಿದ್ದಾನೆ. ಹಳೇ ರೇಟ್ ಕಾರ್ಡ್ ಇಟ್ಟುಕೊಂಡಿರಬಹುದು. ಬೇಕಂತಲೇ ಅಂತ ನಾನು ಹೇಳಲ್ಲ. ಆದರೆ ಬಿಲ್‌ನಲ್ಲಿ ಟ್ಯಾಕ್ಸ್ ಎಷ್ಟು ಅಂತ ಬರೆಸಿಕೊಂಡೇ ದುಡ್ಡು ಕೊಡಿ.

ಇನ್ನೊಂದು ಲೆಕ್ಕ. ತಿಂಗಳಿಗೆ 2,200 ದುಬಾರಿ ಅನಿಸುತ್ತೆ. ಆದರೆ 11,999ರಲ್ಲಿ ಅಂಥ ಐದೂವರೆ ತಿಂಗಳು ಬರುತ್ತೆ. ನೀವು ಐದು ತಿಂಗಳಿಗೇ ಬಿಡುವುದಾದರೆ ತಿಂಗಳ ಲೆಕ್ಕವೇ ಅಗ್ಗ.

ಲೆಕ್ಕದಮ್ಮ

ಅಯ್ಯೋ ನನ್ನ ತಲೆಗಿಷ್ಟು! ದಿನಾ ಬೇರೆಯವರ ವೋಚರ್‌ನಲ್ಲಿ ತಪ್ಪು ಹುಡುಕುವವಳು ನಾನು. 54 ಅನ್ನುವ ಚೀಟಿ ಕೈಯಲ್ಲಿತ್ತು, ಬೇರೆ ನಂಬರ್ ಯಾವುದೂ ಕಣ್ಣಿಗೆ ಬೀಳಲಿಲ್ಲ. ಇದನ್ನು ನಮ್ಮ ಸೆಕ್ರೆಟರಿಗೆ ಯಾರೂ ಹೇಳಬೇಡಿ.

ಕಂತು ಕಟ್ಟಿದವಳು

ಇಎಂಐ ಅನ್ನುವ ಮಾತಿಗೆ ಮಾತ್ರ ಹೋಗಬೇಡಿ ಅಕ್ಕಾ. ನನ್ನ ಕಥೆ ಕೇಳಿ.

ನಾನು ಒಂದು ಜಿಮ್‌ಗೆ ವರ್ಷದ್ದು ಹಾಕಿಸಿದೆ. "ತಿಂಗಳು ತಿಂಗಳು ಕಟ್ ಆಗುತ್ತೆ" ಎಂದರು. ಜಿಮ್ಮೇ ತಿಂಗಳು ತಿಂಗಳು ತೆಗೆದುಕೊಳ್ಳುತ್ತೆ ಅಂದುಕೊಂಡೆ. ಫೋನ್‌ನಲ್ಲಿ ಓಟಿಪಿ ಬಂತು, ಹೇಳಿದೆ. ಐದನೇ ತಿಂಗಳು ಒಂದು ಸೋಮವಾರ ಹೋದರೆ ಶಟರ್ ಎಳೆದಿದೆ. ಬಾಡಿಗೆ ಜಗಳ ಅಂತೆ. ಹೊರಗೆ ಒಂದು ಹಾಳೆ ಅಂಟಿಸಿದ್ದರು, ನಮ್ಮ ಇನ್ನೊಂದು ಬ್ರಾಂಚ್‌ಗೆ ಬನ್ನಿ ಅಂತ. ಅದು ನಮ್ಮ ಮನೆಯಿಂದ ಒಂಬತ್ತು ಕಿಲೋಮೀಟರ್. ಎರಡು ಸಿಗ್ನಲ್ ದಾಟೋಷ್ಟರಲ್ಲಿ ಬೆವರು ಬಂದಿರುತ್ತೆ, ಜಿಮ್ ಯಾಕೆ?

ಸರಿ, ಕಂತು ನಿಲ್ಲಿಸೋಣ ಅಂತ ಬ್ಯಾಂಕಿಗೆ ಹೋದಾಗಲೇ ಗೊತ್ತಾಗಿದ್ದು. ಅದು ಜಿಮ್‌ನ ಕಂತಲ್ಲ. ಒಂದು ಫೈನಾನ್ಸ್ ಕಂಪನಿ ನನ್ನ ಹೆಸರಲ್ಲಿ ಸಾಲ ಕೊಟ್ಟು, ಪೂರ್ತಿ ದುಡ್ಡನ್ನು ಜಿಮ್‌ಗೆ ಮೊದಲ ದಿನವೇ ಕಳಿಸಿತ್ತು. ಜಿಮ್ ಮುಚ್ಚಿದರೂ ಸಾಲ ನನ್ನದೇ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಹಾಳಾಗುತ್ತೆ. ಹನ್ನೆರಡೂ ಕಂತು ಕಟ್ಟಿದೆ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಕೊಟ್ಟೆ. ಅವರು ಕಂಪನಿಗೆ ಕಳಿಸಿದರು, ಕಂಪನಿಯಿಂದ ಮತ್ತೆ ಅದೇ ಒಂಬತ್ತು ಕಿಲೋಮೀಟರಿನ ಉತ್ತರ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆಗ ಮಗು ಸಣ್ಣದು, ಆಗಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತೆ.

ಯುಪಿಐ ಆಟೊಪೇ ಆದರೆ ವಾಸಿ, ಬೇಡ ಅನಿಸಿದ ದಿನ ನಿಮ್ಮ ಫೋನ್‌ನಲ್ಲೇ ರದ್ದು ಮಾಡಬಹುದು. ಸಾಲವನ್ನು ಹಾಗೆ ರದ್ದು ಮಾಡೋಕಾಗಲ್ಲ. ಓಟಿಪಿ ಹೇಳುವ ಮುಂಚೆ "ಇದು ಸಾಲವಾ?" ಅಂತ ಒಂದೇ ಒಂದು ಪ್ರಶ್ನೆ ಕೇಳಿ.

ಗರಡಿ ತಾತ

ತಾಯಿ, ನಾನು ಮೈಸೂರಿನವನು, 71. ಚಿಕ್ಕಂದಿನಲ್ಲಿ ಗರಡಿ ಮನೆಯ ಕೆಮ್ಮಣ್ಣಲ್ಲಿ ದಂಡೆ, ಬಸ್ಕಿ ಹೊಡೆದು ಬೆಳೆದವನು. ಗದೆ ತಿರುಗಿಸುತ್ತಿದ್ದೆವು. ಒಂದು ಪೈಸೆ ಖರ್ಚಿಲ್ಲ. ನಿಮ್ಮ ಬೆಂಗಳೂರಿನ ಪಾರ್ಕ್‌ಗಳಲ್ಲಿ ಈಗ ಹಳದಿ, ನೀಲಿ ಬಣ್ಣದ ಮಷೀನ್ ಇಟ್ಟಿದ್ದಾರಲ್ಲ, ಅದು ಸಾಲದೇ? ಹನ್ನೆರಡು ಸಾವಿರಕ್ಕೆ ವರ್ಷವಿಡೀ ಹಣ್ಣು, ತರಕಾರಿ ಬರುತ್ತದೆ.

ಲೆಕ್ಕದಮ್ಮ

ತಾತ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಗರಡಿ ಮನೆಯೊಳಗೆ ನಮ್ಮಜ್ಜಿಯನ್ನು ಬಿಡುತ್ತಿದ್ದರಾ?

ಪಾರ್ಕ್ ಮಷೀನ್ ಮೇಲೆ ನಾನು ಮೂರು ತಿಂಗಳು ಕೂತಿದ್ದೇನೆ. ಅದರಲ್ಲಿ ಭಾರ ಹೆಚ್ಚಿಸಲು ಆಗಲ್ಲ, ನಮ್ಮ ಮೈ ಭಾರವೇ ಭಾರ. ಕೈಯದು ಎಳೆದರೆ ಸೀಟು ಮೇಲೇಳುತ್ತೆ, ಬಿಟ್ಟರೆ ಇಳಿಯುತ್ತೆ, ಉಯ್ಯಾಲೆ ಥರ. ಎರಡೇ ವಾರಕ್ಕೆ ಅಭ್ಯಾಸ ಆಗಿಹೋಯಿತು, ಆಮೇಲೆ ಏನೂ ಅನಿಸಲಿಲ್ಲ. ಸಂಜೆ ಅದರ ಮೇಲೆ ಮಕ್ಕಳಿರುತ್ತಾರೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆಫೀಸ್ ಬಿಡುವ ಹೊತ್ತಿಗೇ ಮಳೆ. ಮತ್ತೆ ಚೂಡಿದಾರ್‌ನಲ್ಲಿ ಬಸ್ಕಿ ಹೊಡೆದರೆ ಬೆಂಚಿನ ಮೇಲಿನ ಯಜಮಾನರೆಲ್ಲ ಪೇಪರ್ ಮಡಿಚಿ ನೋಡುತ್ತಾರೆ.

ನೈಟ್ ಡ್ಯೂಟಿ

ಎಲ್ಲರೂ ಹೆದರಿಸುತ್ತಿದ್ದೀರಿ, ನಾನೊಬ್ಬಳು ಪರವಾಗಿ ಹೇಳ್ತೀನಿ. ನಾನು ನರ್ಸ್. ಎರಡು ವರ್ಷದಿಂದ ಇಂಥದ್ದೇ ಜಿಮ್‌ಗೆ ಹೋಗ್ತಿದ್ದೀನಿ. ಬೆಳಗ್ಗೆ ಐದೂವರೆಗೇ ತೆಗೀತಾರೆ, ಡ್ಯೂಟಿ ಮುಗಿಸಿ ನೇರ ಹೋಗಬಹುದು. ಬಟ್ಟೆ ಬದಲಿಸೋಕೆ ಚಿಲಕ ಇರುವ ಕೋಣೆ ಇದೆ. ನನಗೆ ಅದು ದೊಡ್ಡ ವಿಷಯ. ಯಾರೂ ನನ್ನ ಕಡೆ ನೋಡಲ್ಲ, ಎಲ್ಲರೂ ಕನ್ನಡಿ ನೋಡ್ಕೊಂಡಿರ್ತಾರೆ.

ಟ್ರೈನರ್ ಮಾತ್ರ ಲೆಕ್ಕಕ್ಕಿಲ್ಲ ಅಂದ್ಕೊಳ್ಳಿ. ಮೂರು ತಿಂಗಳಿಗೊಬ್ಬ ಬದಲಾಗ್ತಾನೆ, ಬಂದವನೆಲ್ಲ ಮೊದಲು ಪರ್ಸನಲ್ ಟ್ರೈನಿಂಗ್ ಮಾರೋಕೆ ನೋಡ್ತಾನೆ. ನಾನು ಐದೇ ಐದು ಕಲಿತೆ: ಕಾಲಿಂದ ತಳ್ಳೋದು, ಕೈಯಿಂದ ತಳ್ಳೋದು, ಎಳೆಯೋದು, ನೆಲದಿಂದ ಎತ್ತೋದು, ಕೂತು ಏಳೋದು. ಎಷ್ಟು ಕೆಜಿ ಎತ್ತಿದೆ ಅಂತ ಹಳೇ ಡೈರಿಯಲ್ಲಿ ಬರೀತೀನಿ. ನೀವಂತೂ ಲೆಕ್ಕದವರು, ನಿಮಗೆ ಹೇಳಿಕೊಡಬೇಕಾ? ವಾರಕ್ಕೆ ಎರಡು ದಿನ, ನಲವತ್ತು ನಿಮಿಷ. ಮಂಡಿ ನೋವಿದ್ದರೆ ಡಾಕ್ಟರನ್ನು ಮೊದಲೇ ಕೇಳಿಬಿಡಿ.

ಊರಿಗೆ ಹೋದರೆ ಮೆಂಬರ್‌ಶಿಪ್ ಎಷ್ಟು ದಿನ ಫ್ರೀಜ್ ಮಾಡಬಹುದು, ಅಂದರೆ ದಿನ ಲೆಕ್ಕಕ್ಕೆ ಬರದಂತೆ ತಡೆಹಿಡಿಯಬಹುದು ಅಂತ ಕಾಗದದಲ್ಲಿ ಬರೆದುಕೊಡೋಕೆ ಹೇಳಿ. ಬಾಯಲ್ಲಿ ಎಲ್ಲಾ ಆಗುತ್ತೆ ಅಂತಾರೆ.

ಲೆಕ್ಕದಮ್ಮ

ಹನ್ನೆರಡು ದಿನ ಆಯಿತು, ಸಲಹೆ ಕೊಟ್ಟವರಿಗೆಲ್ಲ ಏನಾಯಿತು ಅಂತ ಈಗ ಹೇಳ್ತಿದ್ದೇನೆ.

ಹಳೇ ಕೌಂಟರ್ ಅವರ ಮಾತು ಕೇಳಿ ಮಂಗಳವಾರ ಸಂಜೆ ಏಳಕ್ಕೆ ಟ್ರಯಲ್‌ಗೆ ಹೋದೆ. ಆರು ಟ್ರೆಡ್‌ಮಿಲ್, ಎರಡರ ಮೇಲೆ "ರಿಪೇರಿ" ಚೀಟಿ. ಲೆಗ್ ಪ್ರೆಸ್‌ಗೆ ನನ್ನ ಮುಂದೆ ಮೂರು ಜನ. ಒಬ್ಬ ಅದರ ಮೇಲೆ ಕೂತು ರೀಲ್ಸ್ ನೋಡುತ್ತಿದ್ದ, ಎಬ್ಬಿಸೋಕೆ ನಾಚಿಕೆ ಆಯಿತು. ಎಸಿ ಇತ್ತು, ಗಾಳಿ ಇರಲಿಲ್ಲ. ಇದು ನನ್ನಿಂದಾಗಲ್ಲ ಅಂತ ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ಕಸ ಗುಡಿಸುತ್ತಿದ್ದ ಅಮ್ಮ ಹೇಳಿದರು, "ಬೆಳಗ್ಗೆ ಏಳೂಕಾಲಿಗೆ ಬನ್ನಿ ಮೇಡಂ. ಆಫೀಸಿನವರು ಹೋಗಿರ್ತಾರೆ, ಮನೆಯವರು ಇನ್ನೂ ಬಂದಿರಲ್ಲ." ಇಡೀ ಜಿಮ್ಮಲ್ಲಿ ನನಗೆ ಸಿಕ್ಕ ಒಳ್ಳೆ ಸಲಹೆ ಅದೊಂದೇ.

ಗುರುವಾರ ಹೋದೆ. ನನ್ನನ್ನೂ ಸೇರಿಸಿ ಒಂಬತ್ತು ಜನ.

ವರ್ಷದ್ದು ಬೇಡ, ತಿಂಗಳದ್ದು ಕೊಡಿ ಎಂದೆ. ಹುಡುಗನ ಮುಖ ಸಣ್ಣಗಾಯಿತು. "ಮೇಡಂ, ನಿಮಗೇ ಲಾಸು" ಎಂದ. ಒಂಬತ್ತು ದಿನದ ಏರೋಬಿಕ್ಸ್ ಕಥೆ ಹೇಳಿದೆ, ನಕ್ಕುಬಿಟ್ಟ. ಟ್ಯಾಕ್ಸ್ ಎಷ್ಟು ಅಂತ ಕೇಳಿದ್ದಕ್ಕೆ ರೇಟ್ ಕಾರ್ಡ್ ನೋಡಿದ, ಕಂಪ್ಯೂಟರ್ ನೋಡಿದ, ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದ. ಬಿಲ್ 2,310ಕ್ಕೆ ಆಯಿತು. ಗುಂಡಣ್ಣನವರಿಗೆ ನಮಸ್ಕಾರ. ರೇಟ್ ಕಾರ್ಡ್‌ನಲ್ಲಿ 18 ಅನ್ನುವುದನ್ನು ನನ್ನ ಪೆನ್ನಿಂದಲೇ ಹೊಡೆದು 5 ಬರೆದ. ಮೂರು ತಿಂಗಳು ಹೀಗೇ ಕಟ್ಟುತ್ತೇನೆ. ಆಮೇಲೂ ಹೋಗುತ್ತಿದ್ದರೆ ಯುಗಾದಿ ಆಫರ್ ಇದ್ದೇ ಇದೆಯಲ್ಲ.

ಇದುವರೆಗೆ ಮೂರು ಸಲ ಹೋಗಿದ್ದೇನೆ. ಮೊದಲ ದಿನ ಆ ವೇದಿಕೆ ಹತ್ತಿ ನಾಲ್ಕು ಕೆಜಿ ಡಂಬೆಲನ್ನು ಎದೆಗೆ ಹಿಡಿದುಕೊಂಡು ಕೂತು ಎದ್ದೆ, ಹತ್ತು ಸಲ. ಮರುದಿನ ಆಫೀಸಿನ ಮೆಟ್ಟಿಲನ್ನು ಕಂಬಿ ಹಿಡಿದು ಇಳಿದೆ. ಮೂರನೇ ಸಲಕ್ಕೆ ಐದು ಕೆಜಿ. ಡೈರಿಗೆ ದುಡ್ಡು ಯಾಕೆ ಅಂತ ಸಂಘದ ಹಳೇ ಲೆಡ್ಜರ್ ಒಂದರಲ್ಲಿ ಬರೆಯುತ್ತಿದ್ದೇನೆ, ಖರ್ಚಿನ ಕಡೆ 2,310, ಜಮಾ ಕಡೆ ಕೆಜಿ.

ಬೆಳಗ್ಗೆ ಹೋಗುವುದರಿಂದ ಡಬ್ಬಿ ಯಾರು ಕಟ್ಟುತ್ತಾರೆ ಅನ್ನುವುದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ನಾಳೆಗೆ ಮಾತ್ರ ಚಿತ್ರಾನ್ನ ನಮ್ಮವರದು. ಒಗ್ಗರಣೆಗೆ ಕಡಲೆಬೀಜ ಯಾವ ಡಬ್ಬದಲ್ಲಿದೆ ಅಂತ ಈಗಲೇ ಎರಡು ಸಲ ಕೇಳಿ ಆಯಿತು.