ಸುರಗಿ: ಬಾಕೋ, ಹೂವೋ, ಮದುವೆಯ ನೀರೋ?

(ಒಂದು ಗುಂಪಿನ ಸಂದೇಶಗಳು; ಕೇಳುವವರ ಹೆಸರಿನ ಬದಲು ಅವರ ಊರಿನ ಹೆಸರಿದೆ.)

ಜಮಖಂಡಿ: ಗುರುಗಳೇ, ನಮ್ಮೂರ ದೊಡ್ಡಾಟದ ಕೈಬರಹದ ಪ್ರತಿಯಲ್ಲಿ ‘ಸೊಂಟದ ಸುರಗಿ ಸೆಳೆದು’ ಎಂದಿದೆ. ಪಾತ್ರಧಾರಿ ಮಾರುದ್ದದ ತಗಡಿನ ಕತ್ತಿ ಹಿಡಿದಿದ್ದಾನೆ. ಸರಿಯೇ?

ಪ್ರಾಧ್ಯಾಪಕರು: ಸರಿಯಲ್ಲ. ಸುರಗಿ ಎಂದರೆ ನಡುವಿಗೆ ಸಿಕ್ಕಿಸಿಕೊಳ್ಳುವ ಬಾಕು. ಗೇಣುದ್ದದ ತಗಡು ಸಾಕು. ಮೂಲ ಸಂಸ್ಕೃತದ ಛುರಿಕಾ. ಕಿಟೆಲ್ ಅವರ 1894ರ ನಿಘಂಟಿನಲ್ಲಿ ಸುರಗಿ, ಸುರಿಗೆ ಎರಡೂ ಇವೆ.

ಬೆಳಗಾವಿ: ಪಕ್ಕದ ಮನೆಯ ಮರಾಠಿ ಅಜ್ಜಿ ಉಳ್ಳಾಗಡ್ಡಿ ಹೆಚ್ಚುವ ಚಾಕುವಿಗೆ ‘ಸುರೀ’ ಎನ್ನುತ್ತಾರೆ. ಅದೂ ಇದೂ ಒಂದೇ?

ಪ್ರಾಧ್ಯಾಪಕರು: ಕೇಳಬೇಕಾದ ಪ್ರಶ್ನೆ ಇದು. ಒಂದೇ ಬಳ್ಳಿಯ ಕಾಯಿಗಳು. ಹಿಂದಿಯಲ್ಲಿ ಛಕಾರ ಉಳಿದು ಛುರೀ ಆಯಿತು. ಮರಾಠಿ ಅದನ್ನು ಸಕಾರ ಮಾಡಿಕೊಂಡಿತು. ಹಿಂದಿಯ ಮಛಲಿ ಅಲ್ಲಿ ಮಾಸಾ ಆಗಿರುವುದನ್ನು ನೋಡಿ. ನಾವೂ ಸಕಾರವನ್ನೇ ಹಿಡಿದೆವು, ಆದರೆ ಕೊನೆಯ ಕಕಾರವನ್ನು ಬಿಡದೆ ಗಕಾರ ಮಾಡಿ ಇಟ್ಟುಕೊಂಡೆವು, ಆಕಾಶ ಆಗಸವಾದ ಹಾಗೆ. ಮರಾಠಿಯಲ್ಲಿ ಅದು ಸವೆದುಹೋಯಿತು. ನಮ್ಮ ಚೂರಿಯೂ ಅದೇ ಮನೆತನದ್ದು. ಅಮರಕೋಶದಲ್ಲಿ ಛುರಿಕಾದ ಜೊತೆಗೆ ಅಸಿಪುತ್ರೀ ಎಂಬ ಹೆಸರೂ ಇದೆ: ಖಡ್ಗದ ಮಗಳು. ಆ ಮಗಳು ಈಗ ನಿಮ್ಮ ಅಜ್ಜಿಯ ಕೈಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಾಳೆ.

ಖಾನಾಪುರ: ಅಂದರೆ ಮರಾಠಿಯಿಂದ ಕನ್ನಡಕ್ಕೆ ಬಂದದ್ದು.

ಗೋಕಾಕ: ಎಲ್ಲಿ ಹಾಗೆ ಬರೆದಿದ್ದಾರೆ? ಗಕಾರವಿಲ್ಲದ ಪದ ಗಕಾರವಿರುವ ಪದವನ್ನು ಹೇಗೆ ಹೆರುತ್ತದೆ?

ಖಾನಾಪುರ: ನೀವೂ ಪ್ರಾಧ್ಯಾಪಕರೋ?

ಗೋಕಾಕ: ಅಲ್ಲ. ಚಾಕು ಕಂಡಲ್ಲೆಲ್ಲ ಗಡಿ ಗೀಚುವವನೂ ಅಲ್ಲ.

ವಿಜಯಪುರ: ‘ಸುರರು ಕೊಟ್ಟ ಆಯುಧವೇ ಸುರಗಿ, ಮದುವೆಯ ಸುರಗಿಯ ನಾಲ್ಕು ಮೂಲೆಗೆ ಹಿಂದೆ ಬಾಕು ನೆಡುತ್ತಿದ್ದರು’ ಎಂಬ ಸಂದೇಶ ಬಂದಿದೆ.

ಪ್ರಾಧ್ಯಾಪಕರು: ನನಗೆ ನಾಲ್ಕು ಸಲ ಬಂದಿದೆ. ದಯವಿಟ್ಟು ಮುಂದೆ ಕಳಿಸಬೇಡಿ. ಮದುವೆಯ ಸುರಗಿ ಒಂದು ಶಾಸ್ತ್ರ: ನಾಲ್ಕು ಕಡೆ ತಂಬಿಗೆ ಇಟ್ಟು, ನೂಲು ಸುತ್ತಿ ಮದುಮಕ್ಕಳಿಗೆ ನೀರೆರೆಯುತ್ತಾರೆ; ಬಾಕು ಎಲ್ಲಿದೆ? ಅಕ್ಷರ ಕೂಡಿದ ಮಾತ್ರಕ್ಕೆ ನಂಟು ಕೂಡುವುದಿಲ್ಲ. ಮಲೆನಾಡಿನಲ್ಲಿ ಸುರಗಿ ಎಂಬ ಹೂವೂ ಇದೆ, ಒಣಗಿದರೂ ಘಮಘಮಿಸುತ್ತದೆ. ಅದರಿಂದ ಯಾರನ್ನೂ ಇರಿಯಲಾಗದು.

ನಿಪ್ಪಾಣಿ: ಮದುಮಗ ಲಿಂಬೆಹಣ್ಣು ಚುಚ್ಚಿದ ಕಟ್ಯಾರ ಎಂಬ ಬಾಕು ಹಿಡಿಯುತ್ತಾನಲ್ಲ, ಅದೂ ಸುರಗಿಯೇ?

ಮುಧೋಳ: ಅಜ್ಜನ ಪೆಟ್ಟಿಗೆಯ ಬಾಕಿಗೆ ತುಕ್ಕು ಹಿಡಿದಿದೆ. ಹುಣಸೆಹಣ್ಣಿನಿಂದ ಉಜ್ಜಿದರೆ ಹೊಳೆಯುತ್ತದಂತೆ. ಬೆಲೆ ಎಷ್ಟು ಬರಬಹುದು?

ಪ್ರಾಧ್ಯಾಪಕರು: ಹುಳಿ ಮುಟ್ಟಿಸಬೇಡಿ! ತುಕ್ಕಿನ ಜೊತೆಗೆ ಕಬ್ಬಿಣವನ್ನೂ ತಿನ್ನುತ್ತದೆ. ಹಿಡಿಯ ಬಳಿ ಅಕ್ಷರವೇನಾದರೂ ಇದ್ದರೆ ಅದೂ ಹೋಗುತ್ತದೆ. ಒಣಬಟ್ಟೆಯಲ್ಲಿ ಸುತ್ತಿಡಿ.

ಇಂಡಿ: ಸರ್, ಸುರಗಿ ಎಂದರೇನು?

ಪ್ರಾಧ್ಯಾಪಕರು: ಮೇಲೆ ಓದಿ.

ಖಾನಾಪುರ: ಮರಾಠಿಯ ಮಾತು ಬಂದ ಕೂಡಲೇ ಎಲ್ಲರಿಗೂ ಸಿಟ್ಟು.

ಪ್ರಾಧ್ಯಾಪಕರು: ನಿಮಗೂ ಅದೇ. ಮೇಲೆ ಓದಿ.

ಜಮಖಂಡಿ: ಗುರುಗಳೇ, ಪಾತ್ರಧಾರಿ ಗೇಣುದ್ದದ ತಗಡು ಒಲ್ಲೆ ಎನ್ನುತ್ತಿದ್ದಾನೆ. ಹಿಂದೆ ಕುಳಿತವರಿಗೆ ಕಾಣುವುದಿಲ್ಲವಂತೆ.

ಪ್ರಾಧ್ಯಾಪಕರು: ಹಾಗಾದರೆ ಕತ್ತಿ ಎಂದು ಹಾಡಿಸಿ. ಸುರಗಿಯನ್ನು ಬಿಟ್ಟುಬಿಡಿ.